ಹೊಸ್ತಿಲಿನಿಂದ ಒಂದು ಬೆರಳು ಮೇಲೆ

ನಿನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ
ಕುರ್ಚಿ ಎಳೆದು ಹಾಕುವುದು ಎನ್ನುತ್ತೇನೆ.
ಡಾಕ್ಟರು ಹೇಳಿ ಹೋದ ಮೇಲೂ
ನಿಂತೇ ಇರುತ್ತಾರಲ್ಲ, ಅವರಿಗೆ.

ಉಲಾನ್‌ಬಾತರಿನ ಮಕ್ಕಳಾಸ್ಪತ್ರೆ,
ಕೆಟ್ಟ ಲಿಫ್ಟಿನ ಪಕ್ಕದ ಕೋಣೆ.
ಕಿಟಕಿಯ ಒಳಮೈಗೂ ಹಿಮ ಕಟ್ಟುವ ಜನವರಿ.
ಖೋರ್ಲೋ ಬಂದಳು, ಬೆನ್ನ ಮೇಲೆ ಮಗ,
ಆರು ವರ್ಷದವನು,
ಅವನ ಬೂಟು ಅವಳ ಮೊಣಕಾಲಿಗೆ ಬಡಿಯುತ್ತಿತ್ತು.

ಫಾರಂ ತೆಗೆದೆ. ಹೆಸರು?
ಎನೆಬಿಶ್.
ಹಾಗೆಂದರೆ, ಇದಲ್ಲ.
ಮುಂಚೆ ಒಂದು ಹೋಗಿತ್ತು, ತೊಟ್ಟಿಲಲ್ಲೇ.
ಹುಡುಕಿಕೊಂಡು ಬರುವ ಕೇಡು ಬಾಗಿಲಲ್ಲಿ ನಿಂತು
ಇದೇನಾ ಆ ಮಗು ಅಂದರೆ
ಇದಲ್ಲ ಅನ್ನಲೆಂದು
ಅಜ್ಜಿ ತ್ಸೆವೆಲ್ ಇಟ್ಟ ಹೆಸರು.

ನಡೆಯುತ್ತಾನೆಯೇ: ಇಲ್ಲ.
ಕೂರುತ್ತಾನೆಯೇ: ಒರಗಿಸಿದರೆ.
ಮಾತು:
ಇಲ್ಲಿ ಖೋರ್ಲೋ ಬೆರಳಿಟ್ಟು ತಡೆದಳು.
'ಕುದುರೆಯ ಸದ್ದು ಮಾಡ್ತಾನೆ, ಬರ್ಕೊಳ್ಳಿ.'
ಆ ಗೆರೆಯಲ್ಲಿ ಕುದುರೆಗೆ ಜಾಗವಿರಲಿಲ್ಲ.
ಅಂಚಿನಲ್ಲಿ ಅಡ್ಡಕ್ಕೆ ಬರೆದೆ.

ಬಾಗಿಲು ಹಾಕಿದ ಮೇಲೆ ಕೇಳಿದಳು,
ಎಲ್ಲರೂ ಕೇಳುವುದನ್ನೇ, ಅಷ್ಟೇ ಸಣ್ಣ ದನಿಯಲ್ಲಿ:
ನಾನೇನು ಮಾಡಿದ್ದೆ?
ಬಸುರಿಯಿದ್ದಾಗ ಹೊಸ್ತಿಲು ತುಳಿದೆನಂತೆ.
ಅತ್ತೆ ಕಂಡಿದ್ದರಂತೆ.
ಹುಟ್ಟುವಾಗ ಉಸಿರು ತಡವಾಯಿತು, ಅಷ್ಟೇ, ಎಂದೆ.
ಅಷ್ಟೇ ಎಂದಿದ್ದನ್ನು ನುಂಗಿಕೊಂಡೆ.
ಆ ವರ್ಷ ಅದನ್ನೇ ಏಳು ಸಲ ಹೇಳಿದ್ದೇನೆ.
ಏಳನೆಯ ಸಲ, ಚೀಲದಿಂದ ಒಣಮೊಸರಿನ ತುಂಡು ತೆಗೆದು
ನನ್ನ ಕೈಗಿಟ್ಟಳು. ಹಲ್ಲಿಗೆ ಕಲ್ಲು.
ಸಂಜೆಯವರೆಗೂ ಚೀಪಿದೆ.

ಭತ್ಯೆಯ ಅರ್ಜಿ ಎರಡು ಸಲ ವಾಪಸು ಬಂತು,
ಒಮ್ಮೆ ಮೊಹರಿಲ್ಲವೆಂದು, ಒಮ್ಮೆ ಮೊಹರು ಮಸುಕೆಂದು.
ಗಾಲಿಕುರ್ಚಿ ಬರುವಷ್ಟರಲ್ಲಿ
ಹುಡುಗ ನಾಲ್ಕು ಬೆರಳು ಬೆಳೆದಿದ್ದ.
ಗಂಡ ದಕ್ಷಿಣದ ಗಣಿಯಲ್ಲಿ;
ದುಡ್ಡು ಬರುತ್ತದೆ, ದನಿ ಬರುವುದಿಲ್ಲ.

ಕೊನೆಯ ಸ್ಟಾಪಿನಿಂದ ಗುಡ್ಡ ಹತ್ತಿದೆ, ಕಲ್ಲಿದ್ದಲ ಹೊಗೆಯಲ್ಲಿ
ಮೂಗು ಮುಚ್ಚಿ.
ನಾಯಿ ಹಿಡಿಯಿರಿ ಎಂದು ಕೂಗಿದೆ, ವಾಡಿಕೆಯಂತೆ.
ಕಂಬಳಿ ಹೊದ್ದ ಗುಂಡುಮನೆ, ಕುಳ್ಳ ಬಾಗಿಲು.
ಟೇಪು ಹಿಡಿದೆ: ಕುರ್ಚಿಗಿಂತ ಬಾಗಿಲು
ಎರಡು ಬೆರಳು ಅಗಲ. ಸದ್ಯ.
ಹೊಸ್ತಿಲು ಮಾತ್ರ ಗೇಣು ಎತ್ತರ.
ಸ್ವಲ್ಪ ಕೊಯ್ಯಬಹುದು ಎಂದೆ.

ತ್ಸೆವೆಲ್ ಒಲೆಯಿಂದ ತಲೆ ಎತ್ತಲಿಲ್ಲ.
'ಅದು ಮನೆಯ ಕತ್ತು.'
'ಹಾಗಾದರೆ ಮೇಲೆ ಹಾಯಿಸೋಣ.'
'ಚಕ್ರಕ್ಕಾದರೆ ಕತ್ತು ತುಳಿಯಬಹುದೋ?'

ನಾನು ಓದಿದ ಕೈಪಿಡಿಯಲ್ಲಿ ಇದಕ್ಕೆ ಪುಟವಿಲ್ಲ.
ಉಪ್ಪು ಚಹಾ ಕುಡಿದೆ. ಮತ್ತೊಂದು ಬಟ್ಟಲು.
ಖೋರ್ಲೋ ನೆಲ ನೋಡುತ್ತಿದ್ದಳು, ಆರು ವರ್ಷದಿಂದ
ನೋಡುತ್ತಿದ್ದ ಅದೇ ಮರದ ಪಟ್ಟಿಯನ್ನು.
ಮೂರನೆಯ ಬಟ್ಟಲಿಗೆ ನೆರೆಯ ದಶ್‌ನ್ಯಾಮನನ್ನು ಕರೆಸಿದೆವು.
ಹಳೆಯ ಲಾರಿಯ ಹಲಗೆ ಎರಡು,
ಒಳಗೆ ಇಟ್ಟಿಗೆ, ಹೊರಗೆ ಇಟ್ಟಿಗೆ,
ನಡುವೆ ಸೇತುವೆ.
ಅಜ್ಜಿ ಮಂಡಿಯೂರಿ
ಹಲಗೆಗೂ ಹೊಸ್ತಿಲಿಗೂ ನಡುವೆ ತೋರುಬೆರಳು ತೂರಿಸಿ
ಈ ತುದಿಯಿಂದ ಆ ತುದಿಗೆ ಎಳೆದಳು,
ಎಳೆಯ ಹಲ್ಲು ಬಂತೇ ಎಂದು ನೋಡುವ ಹಾಗೆ.
'ಮುಟ್ಟುವುದಿಲ್ಲ,' ಅಂದಳು.
ಸೊಸೆಯ ಮುಖ ನೋಡಿ, ಇನ್ನೊಮ್ಮೆ,
'ಮುಟ್ಟುವುದಿಲ್ಲ.'

ಹುಡುಗ ಹಿಂದುಹಿಂದಾಗಿ ಬಿಸಿಲಿಗೆ ಬಂದ.
ಅಂಗಳ ನಲವತ್ತು ಹೆಜ್ಜೆ, ಆಚೆ ಬರೀ ಮಂಜುಗಡ್ಡೆ,
ಅಲ್ಲಿಗೆ ನನ್ನ ಬಳಿ ಫಾರಂ ಇಲ್ಲ.
ಶಾಲೆಯವರು ಬರುವ ವರ್ಷ ನೋಡೋಣ ಎಂದಿದ್ದಾರೆ,
ಹೋದ ವರ್ಷವೂ ಎಂದಿದ್ದರು.

ತಣ್ಣನೆ ಗಾಳಿ ಮುಖಕ್ಕೆ ಬಡಿದದ್ದೇ
ಅವನು ಕೆನೆದ.
ಬೇಲಿಯಾಚೆ ನಾಯಿಗಳೆಲ್ಲ ಎದ್ದು ನಿಂತವು.
ಅಜ್ಜಿ ಗಾಬರಿಯಿಂದ ಸುತ್ತ ನೋಡಿ
ಖಾಲಿ ಗುಡ್ಡಕ್ಕೆ ಕೇಳುವಂತೆ
ಎನೆಬಿಶ್, ಎನೆಬಿಶ್ ಎಂದಳು.
ಮೊಮ್ಮಗನನ್ನು ಕರೆದಳೋ,
ಯಾರಿಗೋ ಸುಳ್ಳು ಹೇಳಿದಳೋ.

ಹಲಗೆ ಜಾರಿದರೆ ಒಲೆಯ ಬೂದಿ ಹಾಕಿ ಎಂದು ಹೇಳಿ
ಇಳಿದೆ.
ಬಸ್ಸಿನಲ್ಲಿ ಕೂತು ಫಾರಂ ಬಿಚ್ಚಿದೆ.
ಅಡ್ಡಕ್ಕೆ ಬರೆದ ಕುದುರೆ ಅಲ್ಲೇ ಇತ್ತು,
ಗೆರೆಯ ಹೊರಗೆ.