ಉಸಿರು ತೆಗೆಯುವ ಕೆಲಸ

ನನ್ನದು ಬ್ಲೇಡಿನ ಕೆಲಸ. ರೋಮಿನಲ್ಲಿ,
ಟೈಬರ್ ಹೊಳೆಯ ಆಚೆ ದಡದಲ್ಲಿ,
ಹಿಂದೆ ವೈನಿನ ಪೀಪಾಯಿ ಇಡುತ್ತಿದ್ದ ನೆಲಮಾಳಿಗೆಯಲ್ಲಿ
ಹದಿನೇಳು ವರ್ಷ ಟೇಪು ಕತ್ತರಿಸಿದೆ,
ಮಾಯೆಸ್ತ್ರೋ ಎರ್ಮೆಟೆ ಸ್ಕಾರ್ಪಾತಿಗಾಗಿ.

ಗೋಡೆ ಬೆವರುತ್ತಿತ್ತು. ಪಿಟೀಲಿನವರು
ಓವರ್‌ಕೋಟು ಬಿಚ್ಚದೆ ನುಡಿಸುತ್ತಿದ್ದರು.
ಮೇಲೆ ಟ್ರಾಮ್ ಹೋದಾಗಲೆಲ್ಲ ನಿಲ್ಲಿಸಬೇಕು;
ಅದಕ್ಕೇ ಅವರ ಸಂಗೀತದಲ್ಲಿ ಅಷ್ಟೊಂದು ಮೌನ.
ಪತ್ರಿಕೆಯವರು ಬೇರೆ ಕಾರಣ ಬರೆದರು.

ಎಂಥೆಂಥ ಚಿತ್ರ! ಸ್ಪೇನಿನ ಧೂಳಲ್ಲಿ
ಮುಗ್ಗರಿಸುವ ಕುದುರೆ, ಕೈಗವಸಿನ ಕೊಲೆಗಾರ,
ಮಠ ಬಿಟ್ಟೋಡಿದ ಸನ್ಯಾಸಿನಿ, ರಬ್ಬರಿನ ತಿಮಿಂಗಿಲ.
ಮೂರು ವಾರಕ್ಕೊಂದು. ಪೋಸ್ಟರಿನ ಮೇಲೆ ಮಾತ್ರ
ಯಾವನೋ ಅಮೆರಿಕದವನ ಹೆಸರು,
ನಿರ್ಮಾಪಕರು ಫೋನ್ ಡೈರೆಕ್ಟರಿಯಿಂದ ಆರಿಸಿದ್ದು.
"ಅವನಿಗೂ ದುಡ್ಡು ಬಂದಿರಲಿಕ್ಕಿಲ್ಲ, ಪಾಪ,"
ಎನ್ನುತ್ತಿದ್ದರು ಮಾಯೆಸ್ತ್ರೋ, ಸ್ಟಾಪ್‌ವಾಚ್ ಒರೆಸುತ್ತ.

ಆಮೇಲೆ ತಮ್ಮದೇ ರೆಕಾರ್ಡ್ ಕಂಪನಿ ತೆರೆದರು.
ಪಿಯಾನೋ ಅಡ ಹೋಯಿತು.
ಬಾರಿಯಿಂದ, ಉದಿನೆಯಿಂದ ಹುಡುಗಿಯರು ಬಂದರು,
ಮೀನು ಮಾರುವವಳ ಮಗಳು, ಒಬ್ಬ ಟೈಪಿಸ್ಟು,
ಹಾಡಿ ಹೋದರು. ನನಗೆ ಒಂದೇ ಆಜ್ಞೆ:
ಸಾಲಿಗೆ ಮುಂಚೆ ಉಸಿರೆಳೆದದ್ದು ಕೇಳಬಾರದು, ತೆಗೆ.
ಉಸಿರು ತೆಗೆಯುವ ಕೆಲಸ. ಮನೆಯಲ್ಲಿ ಹೀಗೆಂದರೆ
ಅಮ್ಮ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು.

ಗೇಣುದ್ದದ, ಬೆರಳುದ್ದದ ಕಂದು ಪಟ್ಟಿಗಳು.
ಕಸಕ್ಕೆ ಹಾಕಲು ಯಾಕೋ ಮನಸ್ಸಾಗದೆ
ಬಿಸ್ಕತ್ತಿನ ಡಬ್ಬಿಗೆ ಹಾಕಿಟ್ಟೆ.

ಕಂಪನಿ ಮುಳುಗಿತು. ನೆಲಮಾಳಿಗೆ ಈಗ ಸ್ಕೂಟರ್ ಗ್ಯಾರೇಜು.
ಅವರ ಹೆಂಡತಿ ದೆಲ್ಫೀನಾ
(ಪದವಿಲ್ಲದ ಆ ಆಲಾಪವೆಲ್ಲ ಅವರದೇ,
ಕೊಲೆಯಾಗುವವರ ಚೀರಾಟವೂ, ಬೇರೆ ಸಂಬಳವಿಲ್ಲದೆ)
ಫೆಬ್ರವರಿಯಲ್ಲಿ ತೀರಿಕೊಂಡರು.

ಒಂದು ಭಾನುವಾರ ಮಾಯೆಸ್ತ್ರೋ
ಐದು ಮಹಡಿ ಹತ್ತಿ ನಮ್ಮ ಮನೆಗೆ ಬಂದರು.
"ಆ ಡಬ್ಬಿ ಇದೆಯೇನೋ?"
ಅವರಿಗೆ ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

ಕೈಗೆ ಸಿಕ್ಕ ಹಾಗೆ ಅಂಟಿಸಿದೆವು, ಕತ್ತಲಾಗುವವರೆಗೆ.
ನನ್ನ ಹಳೇ ಮೆಷಿನ್ನಿನಲ್ಲಿ
ಒಂದು ನಿಮಿಷ ಹನ್ನೊಂದು ಸೆಕೆಂಡು
ಮೂವತ್ತೊಂದು ಹೆಂಗಸರು ಹಾಡಲು ಬಾಯಿ ತೆರೆಯುತ್ತಾರೆ.
ಯಾರೂ ಹಾಡುವುದಿಲ್ಲ.

ಎರಡು ಸಲ ಕೇಳಿದರು. ಎಲ್ಲೋ ನಡುವೆ ಕೈ ಎತ್ತಿದರು,
ನಿಲ್ಲಿಸು ಎಂದೋ, ಶುರುಮಾಡು ಎಂದೋ.
ಅವರ ಸನ್ನೆ ವಾದ್ಯದವರಿಗೂ ಎಂದೂ ತಿಳಿದದ್ದಿಲ್ಲ.
ನಾನು ನಿಲ್ಲಿಸಲಿಲ್ಲ.

ಹೊರಡುವಾಗ ಕೇಳಿದೆ, "ಸಿಕ್ಕಿದರೇ ಅಮ್ಮನವರು?"
"ಎಲ್ಲರೂ ಅವಳ ಹಾಗೇ ಉಸಿರಾಡುತ್ತಾರಲ್ಲೋ,"
ಎಂದು ಟೋಪಿ ಹುಡುಕಿದರು.
ತಲೆಯ ಮೇಲೇ ಇತ್ತು.