ನಲವತ್ತು ಕಟ್ಟಿನಲ್ಲಿ ಒಂದು

ಗಾಯಕವಾಡ ಸರ್ ಮರಾಠಿಯಲ್ಲಿ ಶುರು ಮಾಡಿ
ಇಂಗ್ಲಿಷಿನಲ್ಲಿ ಬೆವರಿ
ಮತ್ತೆ ಮರಾಠಿಯಲ್ಲೇ ಕರವಸ್ತ್ರ ತೆಗೆಯುತ್ತಿದ್ದರು.
ಹಿಂದಿನ ಬೆಂಚಿನಲ್ಲಿ ನಾನು, ಅಕ್ಕಲಕೋಟೆ ಬಸ್ಸಿನ ಧೂಳಿನ ಸಮೇತ,
ಒಂದೊಂದು ಶಬ್ದಕ್ಕೂ ಕನ್ನಡದ ಅಂಗಿ ಹೊಲಿಯುತ್ತ
ಮೂರು ವಾಕ್ಯ ಹಿಂದೆ.
ಒಂದು ದಿನ ‘ಸರಾಸರಿ’ ಅಂದರು.
ತಲೆಯೆತ್ತಿದೆ. ಇದು ನಮ್ಮ ಮನೆಯದೂ ಹೌದಲ್ಲ!
ಗಡಿ ದಾಟಿದ್ದು ಗೊತ್ತೇ ಆಗದ ಎಮ್ಮೆಯ ಹಾಗೆ
ಎರಡೂ ಹೊಲದಲ್ಲಿ ಮೇಯುವ ಶಬ್ದ.

ಆಮೇಲೆ ಸ್ಯಾಂಪಲ್ಲು.
ಎಲ್ಲರನ್ನೂ ಕೇಳಲಾಗದು, ಕೆಲವರನ್ನು ಕೇಳು.
ಆ ಕೆಲವರನ್ನು ನೀನು ಆರಿಸಬೇಡ,
ಚೀಟಿ ಆರಿಸಲಿ.
ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.
ಇಷ್ಟು ನ್ಯಾಯ ನಾನು ರೇಷನ್ ಅಂಗಡಿಯಲ್ಲೂ ಕಂಡಿರಲಿಲ್ಲ.

ಅವ್ವನಿಗೆ ಹೇಳಿದೆ. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ತಂಬಾಕು;
ಕತ್ತರಿ ನಿಲ್ಲಿಸದೆ ಕೇಳಿಸಿಕೊಂಡಳು.
‘ಇದನ್ನ ಕಲಿಯಾಕ ಯುನಿವರ್ಸಿಟಿ ಬೇಕೇನ?
ನಮ್ಮ ಚೆಕ್ಕರ್ ದಿನಾ ಮಾಡ್ತಾನ.
ನಲವತ್ತು ಕಟ್ಟಿನ್ಯಾಗ ಒಂದ ಎತ್ತತಾನ, ಹಿಚಕ್ತಾನ,
ಸಡ್ಲ ಇತ್ತಂದ್ರ ಹತ್ತು ಕಟ್ಟು ಛಾಟು.
ಚಲೋವು ಮ್ಯಾಲ ಇಡ್ತಿದ್ದೆ,
ಅಂವ ತಳಕ್ಕ ಕೈ ಹಾಕಾಕ ಹತ್ತಿದ.
ಈಗ ತಳಕ್ಕೂ ಒಂದೆರಡು ಚಲೋವು ಇಡ್ತೇನಿ.’

ಮರುದಿನ ಸರ್ ಮೊದಲನೆಯ ಬಗೆಯ ತಪ್ಪು ಬರೆಸಿದರು:
ಸರಿಯಿದ್ದದ್ದನ್ನು ತಿರಸ್ಕರಿಸುವುದು.
ನೂರಕ್ಕೆ ಐದು ಸಲ ನಡೆಯುತ್ತದೆ, ಒಪ್ಪಿಕೊಳ್ಳಬೇಕು.
ಉಳಿದವರು ಬರೆದುಕೊಂಡರು.
ನಾನು ಅಂಚಿನಲ್ಲಿ ಲೆಕ್ಕ ಹಾಕುತ್ತಿದ್ದೆ:
ಹತ್ತು ಕಟ್ಟು, ಇನ್ನೂರೈವತ್ತು ಬೀಡಿ,
ನನ್ನ ಪರೀಕ್ಷೆಯ ಫೀಸಿಗೆ ಇಂಥ ಎಷ್ಟು ತಪ್ಪು.

ಫೀಲ್ಡಿಗೆ ಕುಂಭಾರಿ. ಬೀಡಿಯವರ ಸಾಲುಮನೆ,
ತೆಲುಗು, ಕನ್ನಡ, ಮರಾಠಿ ಒಂದೇ ನಲ್ಲಿಯ ಸರದಿಯಲ್ಲಿ.
ಚೀಟಿ ಹೇಳಿದ್ದು ನೂರಾ ಹದಿನೇಳು. ಬೀಗ.
ಎರಡನೇ ಸಲ ಹೋದೆ, ಬೀಗ.
ಪಕ್ಕದ ಕಟ್ಟೆಯ ಮೇಲೆ ಸಾತವ್ವ:
‘ನನ್ನ ಕೇಳಬೇ. ಮೂವತ್ತೊಂದು ವರ್ಷ ಸುತ್ತೀನಿ. ಬೆರಳ ನೋಡು.’
‘ನಿಮ್ಮ ನಂಬರ್ ಬಂದಿಲ್ಲರೀ.’
‘ಎಲ್ಲಿ ಬಂದೈತಿ ನನ್ನ ನಂಬರು, ಇವತ್ತ ಬರಾಕ?’
ಚಹಾ ಕೊಟ್ಟಳು.
ಪ್ರಶ್ನಾವಳಿ ಮಡಚಿ ತೊಡೆಯ ಕೆಳಗಿಟ್ಟು ಕೂತೆ.
ಒಂದು ತಾಸು ಮಾತಾಡಿದಳು.
ಅದರಲ್ಲಿ ತುಂಬಲು ಬರುವಂಥ ಅಂಕಿ ಒಂದೂ ಇರಲಿಲ್ಲ,
ಇದ್ದಿದ್ದರೂ ತುಂಬುವಂತಿರಲಿಲ್ಲ.

ಇನ್ನೂರಾ ಮೂರರಲ್ಲಿ ಬಾಗಿಲು ತೆರೆಯಿತು.
‘ದಿನಕ್ಕೆ ಎಷ್ಟು ಬೀಡಿ?’
‘ಯಾವ ದಿನಕ್ಕ?’
ಎಲಿ ಹರಕ ಬಂದ ದಿನ, ಕೂಸಿನ ಮೈ ಸುಟ್ಟ ದಿನ,
ಬೀಗರು ಬಂದ ದಿನ, ಅಂವ ಕುಡದ ಬಂದ ದಿನ,
ಅಂವ ಬರಲಾರದ ದಿನ, ಅವತ್ತ ಬಾಳ ಆಗ್ತಾವ ನೋಡ,
ಸಾವಿರದ ಮ್ಯಾಲ.
ನನ್ನ ಹಾಳೆಯಲ್ಲಿ ಮೂರು ಅಂಕಿಗೆ ಮಾತ್ರ ಜಾಗ.
ಏಳುನೂರು ಬರೆದೆ.
ಅದು ಆಕೆಯ ಯಾವ ದಿನವೂ ಅಲ್ಲ.
ಎಮ್ಮೆ ಈಗ ಯಾರ ಹೊಲದಲ್ಲೂ ಇಲ್ಲದೆ ನಿಂತಿತ್ತು.

ವೈವಾದ ದಿನ ಸರ್ ಹಾಳೆ ತಿರುವಿದರು.
‘ನೂರಾ ಹದಿನೇಳು?’
‘ಬೀಗ ಸರ್. ತೊಂಬತ್ತೊಂಬತ್ತು ಹಾಕಿದ್ದೇನೆ.’
‘ಪಕ್ಕದ ಮನೆ ಹಿಡಿದು ತುಂಬಲಿಲ್ಲ ತಾನೆ?’
‘ಇಲ್ಲ ಸರ್.’
‘ಶಾಬ್ಬಾಸ್,’ ಅಂದರು. ಆ ಶಬ್ದಕ್ಕೂ ಅಂಗಿ ಬೇಕಿರಲಿಲ್ಲ,
ಆದರೂ ಮೈಗೆ ಕೂಡಲಿಲ್ಲ.

ಸಂಜೆ ಅವ್ವ ಬುಟ್ಟಿ ಜೋಡಿಸುತ್ತಿದ್ದಳು.
‘ಏನಂದ ನಿಮ್ಮ ಚೆಕ್ಕರ್?’
‘ಪಾಸಂತ.’
ಒಂದು ಕಟ್ಟು ಹಿಚುಕಿ ನೋಡಿ, ಮೇಲಿಡಲೋ ಕೆಳಗಿಡಲೋ ಎಂದು
ಕೈಯಲ್ಲೇ ಹಿಡಿದು ಕೇಳಿದಳು:
‘ತಳಕ್ಕ ಕೈ ಹಾಕಿದನೇನ?’