ಮೀನಿನ ಕೆನ್ನೆ

ಎಸ್ಕಿಶೆಹಿರದಿಂದ ಐವಾಲಿಕಿಗೆ ಬಸ್ಸಿನಲ್ಲಿ ಏಳು ತಾಸು.
ಏಳು ತಾಸೂ ಇವನ ಸೊಂಟದಲ್ಲಿ ಬೀಗದ ಕೈ ಗೊಂಚಲು
ಗಿಲಕು ಗಿಲಕು.
ಅಂಗಡಿಯ ಬಾಗಿಲೆಳೆದು ಬಂದದ್ದೇನೋ ನಿಜ,
ಅಂಗಡಿಯೂ ಹಿಂದೆಯೇ ಬಸ್ಸು ಹತ್ತಿದೆ.

ಇಪ್ಪತ್ತಾರು ವರ್ಷ ಊರವರ ಬಾಗಿಲು ತೆರೆದವನು ಸಬ್ರಿ.
ನಡುರಾತ್ರಿ ಫೋನು: ಉಸ್ತಾ, ಕೀಲಿ ಒಳಗೇ ಉಳಿಯಿತು,
ಉಸ್ತಾ, ಒಲೆಯ ಮೇಲೆ ಹಾಲಿದೆ.
ನಾನು ಮದುವಣಗಿತ್ತಿಯರ ನಿಲುವಂಗಿ
ಬಿಗಿಮಾಡಿ, ಸಡಿಲಿಸಿ,
ತುಟಿಯಲ್ಲಿ ಗುಂಡುಸೂಜಿ ಕಚ್ಚಿ ಕಚ್ಚಿ
ಮಾತನ್ನು ಅರ್ಧ ಮರೆತವಳು.

ಬಸ್ಸಿಳಿದರೆ ಸಮುದ್ರ.
ನನ್ನ ಕಣ್ಣಿಗೆ ಬಿದ್ದದ್ದು ಅದರ ಅಂಚು.
ಮಡಚುತ್ತದೆ, ಮಡಚಿದ್ದು ನಿಲ್ಲುವುದಿಲ್ಲ,
ದಾರ ಪೋಣಿಸುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ.
ಯಾರು ಒಪ್ಪಿಕೊಂಡರೋ ಈ ಕೆಲಸ, ಅಂದೆ.
ಕೂಲಿ ಎಷ್ಟಂತೆ ಕೇಳು, ಅಂದ.

ಅಕ್ಟೋಬರ್ ಕೊನೆ, ಬಾಡಿಗೆ ಅಗ್ಗ.
ಕೋಣೆಗೆ ಕಾಲಿಟ್ಟವನೇ ಬಗ್ಗಿ ಬೀಗ ನೋಡಿದ:
ಇದಕ್ಕೊಂದು ಹೇರ್‌ಪಿನ್ನು ಸಾಕು.
ಆ ಮೇಲೆ ರಾತ್ರಿಯೆಲ್ಲ ಅವನಿಗೆ ನಿದ್ದೆಯಿಲ್ಲ,
ನನಗೆ ಅಲೆಯ ಸದ್ದಿಗೆ ಎಂಥಾ ನಿದ್ದೆ!

ಮರುದಿನ ಸಂಜೆ ದಡದ ಮೇಲೊಂದು ಹೋಟೆಲು,
ಒಂಬತ್ತು ಮೇಜು, ಏಳು ಖಾಲಿ.
ಹುಡುಗ ತಟ್ಟೆ ಹೊತ್ತು ತಂದ:
ಸುಟ್ಟ ಬದನೆಕಾಯಿ, ಬಿಳಿ ಗಿಣ್ಣು,
ಬೆಳ್ಳುಳ್ಳಿಯಲ್ಲಿ ಹೊರಳಿದ ಉಪ್ಪುನೀರಿನ ಸೊಪ್ಪು.
ಬೆಲೆ ಕೇಳಬೇಡ, ಇವತ್ತೊಂದು ದಿನ ಕೇಳಬೇಡ, ಅಂದೆ.
ಐಸಿನ ಮೇಲೆ ಮಲಗಿದವುಗಳಲ್ಲಿ ಒಂದನ್ನು ನಾನೇ ಆರಿಸಿದೆ.
ಗೊಂಚಲು ಬಿಚ್ಚಿ ಮೇಜಿನ ಮೇಲಿಡಿಸಿದೆ,
ಉಪ್ಪಿನ ಡಬ್ಬಿಯ ಪಕ್ಕ.
ರಾಕಿಗೆ ನೀರು ಬಿದ್ದು
ಹೊಸ ನಿಲುವಂಗಿಯ ಬಿಳುಪಾಯಿತು.

ಆಗ ಕೇಳಿತು ಒಳಗಿನಿಂದ ಒಡತಿ ಮೆಲಾಹತಳ ಗೋಳು:
ಗಲ್ಲಾದ ಡ್ರಾಯರಿನಲ್ಲಿ ಕೀಲಿ ಮುರಿದಿದೆ, ತುಂಡು ಒಳಗೇ.
ಇವನ ಬೆರಳು ಮೇಜಿನ ಮೇಲೆ ಕುಣಿಯತೊಡಗಿತು.
ನನ್ನನ್ನು ನೋಡಿದ. ಸಮುದ್ರ ನೋಡಿದ. ಗೊಂಚಲು ನೋಡಿದ.
ಹೋಗಬೇಡ ಅನ್ನಬಹುದಿತ್ತು.
ಅನ್ನಲಿಲ್ಲ.

ಅವನು ಎದ್ದದ್ದೇ ಮೀನು ಬಂತು,
ಇಡೀ ಮೀನು, ಒಬ್ಬಳೇ ನಾನು.
ಎದುರಿಗೆ ಮಿದಿಲ್ಲಿ ದ್ವೀಪದ ದೀಪಗಳು,
ಅಲ್ಲಿಯೂ ಯಾರೋ ಉಣ್ಣುತ್ತಿರಬೇಕು.

ಮೀನಿಗೆ ಕೆನ್ನೆಯಿದೆ. ಹೆಬ್ಬೆರಳಿನ ಉಗುರಿನಷ್ಟು.
ಅಮ್ಮ ಅದನ್ನು ಎಬ್ಬಿಸಿ ಅಪ್ಪನ ತಟ್ಟೆಗಿಡುತ್ತಿದ್ದಳು.
ನಾನು ಎಬ್ಬಿಸಿ ಇವನ ತಟ್ಟೆಗೆ.
ಹೇಗಿರುತ್ತದೆ ಎಂದು ನಾನು ಕೇಳಿದ್ದಿಲ್ಲ,
ಅವನು ಹೇಳಿದ್ದಿಲ್ಲ.
ಕಚ್ಚಾ ಹೊಲಿಗೆಯ ದಾರ ತೆಗೆದಂತೆ ಮೆಲ್ಲಗೆ ಎಳೆದೆ.
ಬಂತು.
ಬಾಯಿಗಿಟ್ಟೆ.

ಆಮೇಲೆ ಮೀನನ್ನು ಮಗುಚಿ ಹಾಕಿ
ಇನ್ನೊಂದು ಕೆನ್ನೆಯನ್ನೂ.

ಬಂದ. ಕೈಯೆಲ್ಲ ಗ್ರೀಸು, ಮುಖವೆಲ್ಲ ಹಬ್ಬ:
ಮೂರೇ ನಿಮಿಷ, ನೆರ್ಮಿನ್, ಮೂರೇ!
ಕೂತ. ತಟ್ಟೆ ನೋಡಿದ.
ಮೀನಿನ ತಲೆಯನ್ನು ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ,
ಒಳಗೆ ಏನೋ ಸಿಕ್ಕಿಕೊಂಡ ಬೀಗ ನೋಡುವ ಹಾಗೆ.
ಹೇಗಿತ್ತು? ಅಂದ.
ಇಷ್ಟು ರುಚಿ ಅಂತ ನೀನು ಹೇಳಲೇ ಇಲ್ಲವಲ್ಲ, ಅಂದೆ.
ಬಾಲದ ಕಡೆಯಿಂದ ತಿನ್ನತೊಡಗಿದ.

ಲೆಕ್ಕದ ಹೊತ್ತಿಗೆ ಮೆಲಾಹತ್ ಎರಡೂ ಕೈ ಬೀಸಿದಳು:
ಅಯ್ಯೋ ಬೇಡ, ಉಸ್ತಾನಿಂದ ತಗೊಳ್ಳುವುದುಂಟೇ!
ಇವನು ಹಿಗ್ಗಿದ.
ನಾನು ಪರ್ಸು ತೆಗೆದೆ.
ಒಂದು ನಿಲುವಂಗಿಗೆ ಮುನ್ನೂರು ಮುತ್ತು ಹೊಲಿದ ದುಡ್ಡು.
ತಗೋ ತಾಯಿ, ಅಂದೆ.
ನೀನು ತಗೊಳ್ಳದಿದ್ದರೆ ಇವನು ಕೆಲಸಕ್ಕೆ ಬಂದ ಹಾಗೆ,
ನಾನು ಸಾಮಾನು ಹಿಡಿಯಲು ಬಂದ ಹಾಗೆ.
ನಾವು ಊಟಕ್ಕೆ ಬಂದವರು.

ಇವನು ಬಿಡಿಸಿಕೊಟ್ಟ ಡ್ರಾಯರಿಗೇ
ನೋಟು ಬಿದ್ದವು.

ಹಿಂದಿರುಗುವಾಗ ದಾರಿಯುದ್ದ
ಗೊಂಚಲನ್ನು ಮುಷ್ಟಿಯಲ್ಲಿ ಅದುಮಿ ಹಿಡಿದಿದ್ದ.
ನನ್ನ ಕೈಯೊಳಗಿದ್ದ ಕೈಗೆ ಗ್ರೀಸಿನ ವಾಸನೆ,
ನಿಂಬೆ ಉಜ್ಜಿದ್ದರೂ.

ಕೋಣೆಯ ಕೀಲಿ ನನ್ನ ಹತ್ತಿರವಿತ್ತು.
ಎರಡು ಸಲ ತಪ್ಪು ಕಡೆಗೆ ತಿರುಗಿಸಿದೆ.
ಕತ್ತಲಲ್ಲಿ, ಪಕ್ಕದಲ್ಲೇ,
ಸುಮ್ಮನೆ ನಿಂತಿದ್ದ.